ಹೊಳೆಸಾಲಿನಿಂದ ಕೊಯ್ದ ಹಾಳೆ

ಅಂಚೆಗೆ ಹೊರಟಿದ್ದ ಪತ್ರಿಕೆಯ ಒಂದು ಪ್ರತಿಯನ್ನು ಸುಮ್ಮನೆ ತಿರುವುತ್ತಿದ್ದ ಗುರುಲಿಂಗಪ್ಪನ ಕೈ ಅಲ್ಲೇ ನಿಂತಿತು. ಒಂದು ಹಾಳೆ ಇರಲಿಲ್ಲ. ಇನ್ನೊಂದು ಪ್ರತಿ ತೆರೆದ. ಅದರಲ್ಲೂ ಇಲ್ಲ. ಎಲ್ಲ ಪ್ರತಿಗಳಲ್ಲೂ ಅದೇ ಹಾಳೆಯನ್ನು ಯಾರೋ ಹೊಲಿಗೆಯ ಪಕ್ಕಕ್ಕೇ ಚಾಕುವಿನಿಂದ ಕೊಯ್ದಿದ್ದರು.

ಅದು ೧೯೩೬ರ ಮಾತು. ಗೋಕಾಕದ ಸಣ್ಣ ಅಚ್ಚುಕೂಟದಿಂದ ‘ಹೊಳೆಸಾಲು’ ಎಂಬ ಸಾಹಿತ್ಯ ಪತ್ರಿಕೆ ಹೊರಡುತ್ತಿತ್ತು. ಗುರುಲಿಂಗಪ್ಪ ಅದರ ಸಂಪಾದಕ. ಅವನು ನಿವೃತ್ತ ಪೊಲೀಸ್ ಫೌಜದಾರ ರಾಚಪ್ಪನವರನ್ನು ಕರೆಸಿದ. ಅವರು ಪತ್ರಿಕೆಯ ಹಳೆಯ ಚಂದಾದಾರರು.

“ಆ ಹಾಳ್ಯಾಗ ಏನಿತ್ತು?” ರಾಚಪ್ಪ ಕೇಳಿದರು.

“ಒಂದು ಮಗ್ಗಲಿಗೆ ದಡ್ಡಿ ಊರಿನ ಗುಡ್ಡಪ್ಪ ಅಲ್ಲಿ ವಾಚನಾಲಯಕ್ಕ ಕೀಲಿ ಜಡಿದ ಸುದ್ದಿ. ಇನ್ನೊಂದು ಮಗ್ಗಲಿಗೆ ಹುಕ್ಕೇರಿ ಲಕ್ಕವ್ವನವರ ಲೇಖನ, ತಾವು ಯಾಕ ಬರೀತೇವಿ ಅಂತ. ನಾ ಓದಿಲ್ರಿ, ಜ್ವರದಾಗ ಮಲಗಿದ್ದೆ. ಅವರ ಕೈಬರಹನೂ ಕಾಣವಲ್ದು.”

“ಮಡಚಿ ಹೊಲಿದವರು?”

“ಅಚ್ಚಿನ ಮೊಳಿ ಜೋಡಸೋ ಲಗಮಪ್ಪ. ಜೋಡಿಗೆ ನಮ್ಮ ಕವಿ ಪರಪ್ಪ, ಮೂಡಲಗಿಯಿಂದ ಬಂದಿದ್ದ. ಆದ್ರ ಇದು ಗುಡ್ಡಪ್ಪಂದ ಕೆಲಸ್ರಿ. ಸುದ್ದಿ ಹಾಕಿದ್ರ ನೋಡ್ಕೋತೀನಿ ಅಂದಿದ್ದ.”

*

ದಡ್ಡಿಯಲ್ಲಿ ಗುಡ್ಡಪ್ಪ ತಪ್ಪಿಸಿಕೊಳ್ಳಲು ನೋಡಲಿಲ್ಲ.

“ಅಂದದ್ದು ಖರೆ. ಆದ್ರ ಕೊಯ್ದಿಲ್ರಿ.”

ರಾಚಪ್ಪ ಕೈಯಲ್ಲಿದ್ದ ಪ್ರತಿಯನ್ನು ತಿರುವಿದರು. ಸುದ್ದಿ ಮುಂದಿನ ಹಾಳೆಯಲ್ಲೂ ಮುಂದುವರಿದಿತ್ತು. ಗುಡ್ಡಪ್ಪನ ಹೆಸರು, ಅವನ ಬೆದರಿಕೆ, ಎಲ್ಲ ಅಲ್ಲಿತ್ತು. ಆ ಹಾಳೆಗೆ ಚಾಕು ಮುಟ್ಟಿರಲಿಲ್ಲ.

ಹಾಗಾದರೆ ಕೊಯ್ದವನಿಗೆ ಬೇಡವಾಗಿದ್ದು ಇನ್ನೊಂದು ಮಗ್ಗಲು.

*

ಲಕ್ಕವ್ವ ಹುಕ್ಕೇರಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದಳು. ಗಂಡ ಕೇದಾರಿ ಮೂಡಲಗಿಯಲ್ಲಿ ಮಾಸ್ತರನಾಗಿದ್ದವನು, ವಾಂತಿಭೇದಿಯಲ್ಲಿ ತೀರಿಕೊಂಡಿದ್ದ.

“ಏನು ಬರದಿದ್ರಿ, ಅಕ್ಕಾರ?” ರಾಚಪ್ಪ ಕೇಳಿದರು.

“ನಮ್ಮ ಮನಿಯವರ ಬಗ್ಗೆ ಬರದಿದ್ದೆ. ಅವರು ಪದಾ ಕಟ್ಟತಿದ್ರು, ಬರದು ಇಡತಿದ್ದಿಲ್ಲ. ಬಾಯಾಗ ಇರಲಿ, ಹಾಳ್ಯಾಗ ಸಾಯತೈತಿ ಅಂತಿದ್ರು. ಅವರು ಹ್ವಾದ ಮ್ಯಾಲೆ ಎಲ್ಲಿ ಮರೀತೀನೋ ಅಂತ ಪೆನ್ನು ಹಿಡದೆ. ಅವರದೊಂದು ಸಾಲು ಹಾಕಿದ್ದೆ: ‘ನಿಂತ ನೀರು ಕೇಳತೈತಿ, ನಾ ಯಾರ ಪಾಲು?’”

ಆ ಸಾಲು ರಾಚಪ್ಪನವರಿಗೆ ಬಾಯಿಪಾಠ. ಪತ್ರಿಕೆ ಬಹುಮಾನ ಕೊಟ್ಟಿದ್ದ ಪರಪ್ಪನ ಕವಿತೆಯ ಸಾಲು ಅದು.

“ಬಹುಮಾನದ ಪದಾ ಬಂದ ಸಂಚಿಕಿ ನೀವು ನೋಡಿಲ್ಲೇನ್ರಿ?”

“ಆವಾಗ ನಾ ಸೂತಕದಾಗಿದ್ದೆ.”

*

ಮುಂದಿನ ಭಾನುವಾರ ಅಚ್ಚುಕೂಟದಲ್ಲಿ ಲೇಖಕರೆಲ್ಲ ಸೇರಿದರು. ರಾಚಪ್ಪ ಪರಪ್ಪನ ಕಡೆ ತಿರುಗಿದರು.

“ನಿಮ್ಮ ಧುಪದಾಳದ ಒಡ್ಡಿನ ಪದಾ ಹೇಳ್ರಿ.”

ಪರಪ್ಪ ಎದ್ದು ನಿಂತ. ಕಂಠ ಚೆನ್ನಾಗಿತ್ತು.

“ಕಟ್ಟಿ ಹಾಕ್ಯಾರ ಹೊಳಿಗೆ ಧುಪದಾಳದಾಗ,
ನಿಂತ ನೀರು ಕೇಳತೈತಿ, ನಾ ಯಾರ ಪಾಲು?”

“ಮುಂದ?”

“ಅಷ್ಟ ಐತ್ರಿ.”

ಮೂಲೆಯಲ್ಲಿ ಕೂತಿದ್ದ ಲಕ್ಕವ್ವ ತಲೆ ಎತ್ತಲಿಲ್ಲ. ದನಿ ಮಾತ್ರ ಎದ್ದಿತು.

“ಹೊಲದ ಪಾಲು ಅನ್ನಲಿ, ಗಿರಣಿ ಪಾಲು ಅನ್ನಲಿ,
ಒಡ್ಡು ದಾಟಿದ ಮ್ಯಾಲೆ ನಾ ಹೊಳಿಯೇ ಹೌದು.
ನನ್ನ ಹೆಸರ ಮರತರ ಮರೀಲಿ ದಂಡಿ,
ಕುಡದವರ ದನಿಯಾಗ ನಾ ಹರಿಯುವೆನು.”

ಗುರುಲಿಂಗಪ್ಪ ಕುರ್ಚಿಯಿಂದ ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ. ಅಷ್ಟು ದಿನ ಎಲ್ಲರೂ ಮೆಚ್ಚಿದ್ದು ಬರೀ ಬಾಗಿಲನ್ನು. ಮನೆ ಈಗ ಕಂಡಿತು. ರಾಚಪ್ಪನವರಿಗೂ ತಾವು ಬಂದ ಕೆಲಸ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಗುಡ್ಡಪ್ಪ ಕೊಯ್ದಿದ್ರ ಅವನ ಹೆಸರಿನ ಹಾಳಿ ಉಳೀತಿದ್ದಿಲ್ಲ,” ಎಂದರು ಅವರು. “ಅಂದ್ರ ಲೇಖನಕ್ಕ ಅಂಜಿದವರ ಕೆಲಸ. ಹೊರಡೂಕಿಂತ ಮೊದಲ ಅದನ್ನ ಓದಿದವರು ಇಬ್ಬರ, ಮೊಳಿ ಜೋಡಿಸಿದ ಲಗಮಪ್ಪ, ಮಡಚಿದ ಪರಪ್ಪ. ಲಗಮಪ್ಪಗ ಅದರಾಗ ಅಂಜೂದು ಏನಿಲ್ಲ. ಪರಪ್ಪ, ಒಂದ ಸಾಲು ಸಾಕಿತ್ತು, ನಿಮ್ಮ ಬಹುಮಾನ ಕೇದಾರಿದು ಅಂತ ತಿಳ್ಯಾಕ.”

ಪರಪ್ಪ ಇಲ್ಲವೆನ್ನಲಿಲ್ಲ.

“ಮೂಡಲಗ್ಯಾಗ ಒಂದಿನ ಸಾಲಿ ಬಿಟ್ಟ ಮ್ಯಾಲೆ ಕೇದಾರಿ ಅರ್ಧ ಹಾಡಿ ತೋರಿಸಿದ. ಉಳದದ್ದು ನಾಳೆ ಅಂದ. ನಾಳೆ ಅನ್ನೂದ್ರಾಗ ಹೋಗಿಬಿಟ್ಟ. ಯಾರಿಗೂ ಗೊತ್ತಿಲ್ಲ ಅಂತ ನನ್ನ ಹೆಸರಿಂದ ಕೊಟ್ಟೆ. ಹಾಳಿ ನಾನ ಕೊಯ್ದೆ, ಕೈಬರಹ ಸುಟ್ಟೆ.”

“ಪೊಲೀಸರಿಗೆ ಹೇಳೂಣೇನ್ರಿ, ಅಕ್ಕಾರ?” ಗುರುಲಿಂಗಪ್ಪ ಕೇಳಿದ.

“ಬ್ಯಾಡ್ರಿ. ಪದಾ ಪೂರಾ ಅಚ್ಚಾಗಲಿ. ಅವರ ಹೆಸರಿಂದ.”

ಲಗಮಪ್ಪ ಆಗಲೇ ಮೊಳೆಗಳ ಖಾನೆ ಎಳೆದಿದ್ದ. ಪರಪ್ಪ ಹೊರಟು ಹೋಗಲಿಲ್ಲ. ಲಕ್ಕವ್ವನ ಮುಂದೆ ನೆಲಕ್ಕೆ ಕೂತ.

“ಇದರ ಕಡೀ ಸಾಲು ಏನಿರಬಹುದು ಅಂತ ಬರದು ಬರದು ಹರದೇನ್ರಿ, ಅಕ್ಕಾರ,” ಎಂದ. “ಇನ್ನೊಮ್ಮೆ ಹೇಳ್ರಿ.”

ಲಕ್ಕವ್ವ ಅವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮೊದಲಿನಿಂದ ಹೇಳತೊಡಗಿದಳು.