ಮೂರನೇ ಸಾಲಿನ ಖಾಲಿ ಸೀಟು

“ರೀ, ನನ್ನ ಹೆಂಡತೀನ ಯಾವಾಗ ಸಾಯಿಸಿದ್ರಿ?”

ಟಿಕೆಟ್ ಕಿಟಕಿಯ ಹೊರಗೆ ಪಿಯಾನೋ ಶ್ರುತಿ ಮಾಡುವ ಟ್ಯೂನರ್ ನಿಂತಿದ್ದ. ಕೈಯಲ್ಲಿ ಟಿಕೆಟ್ ಮೇಡಂ ಬರೆದ, ಸಂಗೀತ ಭವನದ ತೊಂಬತ್ತು ವರ್ಷಗಳ ಚರಿತ್ರೆಯ ಅಚ್ಚಿನ ಪ್ರೂಫ್. ತುಟಿಯಂಚಿನಲ್ಲಿ ತಡೆದ ನಗು. ಒಳಗೆ ಕೂತಿದ್ದ ಅವಳು ಕಕ್ಕಾಬಿಕ್ಕಿಯಾದಳು.

ಇಂದು ಮಧ್ಯಾಹ್ನದ್ದೇ ಕೊನೆಯ ಕಛೇರಿ. ನಾಳೆಯಿಂದ ಭವನಕ್ಕೆ ಬೀಗ, ಇಂದು ಸಂಜೆಯ ರೈಲಿಗೇ ಇವನು ಅಕ್ಕನ ಊರಿಗೆ, ಶಾಶ್ವತವಾಗಿ.

ದವಸದ ಗೋದಾಮು ಸಂಗೀತದ ಮನೆಯಾದದ್ದು, ಕರೆಂಟು ಹೋದಾಗ ಗಾಯಕಿಯೊಬ್ಬಳು ಮೈಕಿಲ್ಲದೆ ಗ್ಯಾಲರಿಯ ತುದಿಗೂ ಕೇಳುವಂತೆ ಹಾಡಿದ್ದು, ಎಲ್ಲವನ್ನೂ ಆಸೆಪಟ್ಟು ಬರೆದಿದ್ದಳು. ಮೂರನೇ ಸಾಲಿನ ಕೊನೆಯ ಸೀಟಿಗೆ ಟ್ಯೂನರ್ ಪ್ರತಿ ಕಛೇರಿಗೂ ರಿಬ್ಬನ್ ಕಟ್ಟುವುದು ತೀರಿಕೊಂಡ ಹೆಂಡತಿಯ ನೆನಪಿಗೆ ಎಂದೂ ಬರೆದಿದ್ದಳು.

“ಗೇಟಿನ ತಾತ ಹೇಳಿದ್ರು...”

“ತಾತಂಗೇನು, ಬಾಯಿಗೆ ಬಂದಿದ್ದು ಹೇಳ್ತಾರೆ. ನಂಗೆ ಮದುವೇನೇ ಆಗಿಲ್ಲ ಕಣ್ರೀ!”

“ಹಾಗಾದ್ರೆ ಆ ಸೀಟು ಯಾರಿಗೆ?”

ಅವನ ಕಿವಿ ಕೆಂಪಾಯಿತು. “ನೀವು ಕಿಟಕಿ ಮುಚ್ಚಿ ಬರೋಷ್ಟರಲ್ಲಿ ಹೌಸ್‌ಫುಲ್. ಕಂಬಕ್ಕೆ ಒರಗಿ ನಿಂತೇ ಕೇಳ್ತಿದ್ರಿ. ಮೊದಲ ವರ್ಷ, ‘ಅಲ್ಲಿ ಕೂತ್ಕೊಳ್ಳಿ’ ಅಂದೆ. ‘ಅಯ್ಯೋ, ಆ ಸೀಟಾ? ಬೇಡಪ್ಪಾ’ ಅಂದ್ಬಿಟ್ರಿ.”

ಅಂದದ್ದು ನಿಜ. ಸತ್ತವಳ ಜಾಗದಲ್ಲಿ ಕೂರಲು ಮನಸ್ಸು ಒಪ್ಪಿರಲಿಲ್ಲ. ಹನ್ನೆರಡು ವರ್ಷ ಆ ಸೀಟನ್ನೂ, ಅದರಾಚೆ ಪಿಯಾನೋ ಪಕ್ಕ ನಿಂತ ಅವನನ್ನೂ ನೋಡುತ್ತ, ಇಲ್ಲದ ಹೆಂಡತಿಯ ಮೇಲೆ ಹೊಟ್ಟೆ ಉರಿಸಿಕೊಂಡಿದ್ದಳು! ತನ್ನ ಪೆದ್ದುತನಕ್ಕೆ ನಗು ಬಂತು, ಬೆನ್ನಿಗೇ ಅಳು.

“ಬೇಡ ಅಂದ್ಮೇಲೂ ಯಾಕೆ ಕಟ್ತಿದ್ರಿ?”

“ಒಂದಲ್ಲ ಒಂದಿನ ಕಾಲು ನೋಯ್ಬಹುದಲ್ಲ ಅಂತ.”

ಅವಳು ಕಿಟಕಿಯನ್ನು ಧಡಾರನೆ ಮುಚ್ಚಿದಳು. ಕ್ಯೂನಲ್ಲಿದ್ದವರು ಗೊಣಗಿದರು. ಹೊರಗೆ ಬಂದು ಪ್ರೂಫ್ ಕಿತ್ತುಕೊಂಡು ಹೆಂಡತಿಯ ಮಾತಿದ್ದ ಸಾಲನ್ನು ಹೊಡೆದುಹಾಕಿದಳು.

“ಅಲ್ಲಿ ಈಗ ಏನು ಬರೀತೀರಿ?”

“ಅದು ಆಮೇಲೆ. ನಂಗೆ ನೀವಂದ್ರೆ ಇಷ್ಟ. ಮೊದಲಿಂದಲೂ. ರೈಲು ಹತ್ತೋ ಮುಂಚೆ ಗೊತ್ತಿರ್ಲಿ.”

ಒಳಗಿನಿಂದ ಮೊದಲ ಬೆಲ್ ಕೇಳಿಸಿತು. ಅವನು ಜೇಬು ತಡಕಾಡಿ ಫೋನ್ ತೆಗೆದ.

“ಅಕ್ಕಾ, ಇವತ್ತು ಬರಲ್ಲ ಕಣೇ... ಏನೂ ಆಗಿಲ್ಲ, ಗಾಬರಿ ಆಗ್ಬೇಡ. ಒಬ್ಬನೇ ಬರೋಕೆ ಮನಸ್ಸಿಲ್ಲ, ಅಷ್ಟೇ.”

“ನನ್ನ ಕೇಳಿದ್ರಾ?” ಅವಳು ಕಣ್ಣು ಅಗಲಿಸಿದಳು.

ಅವನು ಫೋನಿಗೆ ಅಂಗೈ ಅಡ್ಡ ಹಿಡಿದ. “ಬರ್ತೀರಾ?”

“ಬರ್ತೀನಿ,” ಎಂದಳು, ಅಕ್ಕನಿಗೂ ಕೇಳುವಷ್ಟು ಜೋರಾಗಿ.