ದುಭಾಷಿ ನುಂಗಿದ ಮಾತು

ಚಿಕ್ಕಬೋರಮ್ಮ ಎಲೆಅಡಿಕೆ ಜಗಿಯುತ್ತ ಬಹಳ ಹೊತ್ತು ಮಾತಾಡಿದಳು. ದಿಲೀಪ್ ಅದನ್ನೆಲ್ಲ ಒಂದೇ ಸಾಲಿನಲ್ಲಿ ಇಂಗ್ಲಿಷಿಗೆ ಇಳಿಸಿದ: ಇವರಿಗೆ ಸೌದೆ ಬೇಕಂತೆ.

“ಅಷ್ಟೇನಾ?” ಪಬಿತ್ರಾ ಹುಬ್ಬೇರಿಸಿದಳು.

“ಅಷ್ಟೇ.”

ಮುದುಕಿ ಹೇಳಿದ್ದು ಬೇರೆ. ಈ ಉಡ್ಗಿ ನಿನ್ ಮಕ ನೋಡೋವಷ್ಟು ಗುಡ್ಡ ನೋಡಿದ್ರೆ ಇಷ್ಟೊತ್ಗೆ ಕೆಲ್ಸ ಮುಗೀತಿತ್ತು ಕಣ್ಲಾ, ಅಂದಿದ್ದಳು. ದಿಲೀಪನ ಕಿವಿ ಕೆಂಪಾದದ್ದನ್ನು ಪಬಿತ್ರಾ ನೋಡಿದಳು. ನಗುವನ್ನು ತುಟಿಯಂಚಿನಲ್ಲೇ ಹಿಡಿದುಕೊಂಡು ಮುಂದಿನ ಮನೆಯ ಕಡೆ ನಡೆದಳು.

ಅವಳು ನೇಪಾಳದವಳು. ತೊಂಬತ್ತಾರರಲ್ಲಿ ವಿನಿಮಯ ವಿದ್ಯಾರ್ಥಿಯಾಗಿ ಬೆಂಗಳೂರಿಗೆ ಬಂದಿದ್ದಳು. ಕಾಡಿನ ವಿಷಯದಲ್ಲಿ ಊರು ಹೇಗೆ ತೀರ್ಮಾನ ಮಾಡಬೇಕು ಎಂಬುದು ಅವಳ ಅಧ್ಯಯನ. ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಆಫೀಸು ಅವಳಿಗೊಂದು ಹಾಸ್ಟೆಲ್ ರೂಮು, ಒಬ್ಬ ದುಭಾಷಿ ಕೊಟ್ಟಿತ್ತು. ದುಭಾಷಿ ಎಂದರೆ ಸಹಪಾಠಿ ದಿಲೀಪ್. ಅವಳು ಅಧ್ಯಯನಕ್ಕೆ ಆರಿಸಿಕೊಂಡದ್ದು ಅವನದೇ ಊರು, ನಾಗಮಂಗಲದ ಕಡೆಯ ದೇವಲಾಪುರ. ಅಲ್ಲಿನ ಗುಡ್ಡ ನೋಡಿಕೊಳ್ಳುವ ಅರಣ್ಯ ಸಮಿತಿಯ ಅಧ್ಯಕ್ಷ ಮರಿಸ್ವಾಮಿ ಅವನ ಅಪ್ಪ.

ಹಗಲೆಲ್ಲ ಮನೆಮನೆ ಸುತ್ತಿ, ಇಳಿಹೊತ್ತಿಗೆ ಇಬ್ಬರೂ ಗುಡ್ಡದ ಮೇಲೆ ಸುಮ್ಮನೆ ಕೂರುತ್ತಿದ್ದರು. ಅನುವಾದ ಬೇಡದ ಹೊತ್ತು ಅದೊಂದೇ. ಅವಳ ಬೆರಳು ಒಣಹುಲ್ಲನ್ನು ಸೀಳುತ್ತಿದ್ದರೆ ಅವನು ಆ ಬೆರಳನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ದೂರದ ಕೆರೆ ನೋಡುವವನಂತೆ ನಟಿಸುತ್ತಿದ್ದ.

“ಕೆರೆಯಲ್ಲಿ ನೀರೇ ಇಲ್ಲ,” ಎಂದು ಅವಳು ಒಮ್ಮೆ ಹೇಳಿದಳು.

ಗುಡ್ಡದಲ್ಲಿ ಏನು ಬೆಳೆಸಬೇಕೆಂದು ಗೊತ್ತುಮಾಡುವ ದಿನ ಹಾಲಿನ ಡೈರಿ ಮುಂದೆ ಊರು ಸೇರಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಪಬಿತ್ರಾ ನೆಲದ ಮೇಲೆ ರಂಗೋಲಿಯಲ್ಲಿ ನೀಲಗಿರಿ, ಹೊಂಗೆ, ಹುಲ್ಲು ಬರೆದಿದ್ದಳು. ಗಂಡು ಹೆಣ್ಣೆನ್ನದೆ ಪ್ರತಿಯೊಬ್ಬರೂ ಅವಳ ಕೈಯಲ್ಲಿದ್ದ ಮೊರದಿಂದ ಹಿಡಿ ಹುಣಸೆಬೀಜ ತೆಗೆದುಕೊಂಡು ತಮಗೆ ಬೇಕಾದ ಚಿತ್ರದ ಮೇಲೆ ಹಾಕಬೇಕು. ಯಾವುದರ ಮೇಲೆ ಹೆಚ್ಚು ಬೀಜವೋ ಅದು ಊರಿನ ತೀರ್ಮಾನ.

ನೀಲಗಿರಿ ನೆಟ್ಟು ಹರಾಜು ಹಾಕಬೇಕೆಂದಿದ್ದ ಮರಿಸ್ವಾಮಿ ಎದ್ದು ನಿಂತ.

“ಮನೆಗೊಂದೇ ಮಾತು. ಯಜಮಾನ ಆಕ್ತಾನೆ, ಎಣ್ಮಕ್ಕಳಿಗ್ಯಾಕೆ ಬೀಜ? ಇನ್ನೊಂದು, ಯೂನಿವರ್ಸಿಟಿಯಿಂದ ಫೋನ್ ಬಂದದೆ. ನೀವಿಬ್ರೂ ಗುಡ್ಡ ಸುತ್ತೋದು ಅವ್ರ ಕಿವಿಗೂ ಬಿದ್ದದೆ. ಇವಳು ಸಂಜೆ ಬಸ್ಸಿಗೆ ಆಸ್ಟೆಲ್‌ಗೆ ಬರ್ಬೇಕಂತೆ. ನನ್ ಮಗನ ತಲೆ ಕೆಡಿಸಿದ್ದು ಸಾಕು ಅಂತ ಏಳ್ಬುಡ್ಲಾ.”

ದಿಲೀಪ್ ತಡವರಿಸಿದ. ಆಫೀಸಿನಿಂದ ಕರೆ ಬಂದಿದೆ, ಎಂದಷ್ಟೇ ಹೇಳಿದ.

“ಪೂರ್ತಿ ಹೇಳು,” ಎಂದಳು ಪಬಿತ್ರಾ. “ನಿನ್ನ ಮುಖಕ್ಕೆ ಸುಳ್ಳು ಬರಲ್ಲ.”

ಪೂರ್ತಿ ಹೇಳಿದ. ಕಡೆಯ ಮಾತನ್ನೂ.

ಅವಳು ಬೀಜದ ಮೊರ ಕೆಳಗಿಡಲಿಲ್ಲ. ನಿಧಾನವಾಗಿ ಹೇಳಿದ್ದನ್ನು ದಿಲೀಪ್ ಕನ್ನಡಕ್ಕೆ ತಂದ: “ಸೌದೆ ಹೊರೋರ್ನ ಕೇಳ್ದೆ ಗುಡ್ಡದ ತೀರ್ಮಾನ ಮಾಡ್ತೀರಿ. ಆಫೀಸ್ನೋರು ನನ್ನ ಕೇಳ್ದೆ ನನ್ನ ತೀರ್ಮಾನ ಮಾಡವ್ರೆ. ಎರಡನ್ನೂ ನಾನು ಒಪ್ಪಲ್ಲ.”

ಮರಿಸ್ವಾಮಿ ಮಗನನ್ನೇ ದಿಟ್ಟಿಸಿದ. “ಇದು ಅವಳ ಮಾತೋ, ನಿಂದೋ?”

ಡೈರಿಯೊಳಗೆ ಕ್ಯಾನಿನ ಸದ್ದೂ ನಿಂತಿತು.

“ಇಲ್ಲೀಗಂಟ ಅವಳ್ದು. ಇನ್ಮುಂದಕ್ಕೆ ನಂದು ಕಣಪ್ಪ. ನಂಗೆ ಇವಳಂದ್ರೆ ಇಷ್ಟ. ಇವಳು ಒಪ್ಪಿದ್ರೆ ಮದ್ವೆ ಆಗ್ತೀನಿ. ಒಪ್ಪದಿದ್ರೂ ಇವಳ ಕೆಲ್ಸ ಮುಗಿಯೋಗಂಟ ಜತೇಲಿರ್ತೀನಿ. ಮನೆಗೊಂದೇ ಮಾತು ಅಂದ್ರೆ, ನಮ್ಮನೇಲಿ ಇವತ್ತಿಂದ ಎರಡಾಯ್ತು.”

ಪಬಿತ್ರಾ ಅವನ ಕಡೆ ತಿರುಗಿ ಏನಂದೆ ಎಂದು ಕೇಳಿದಳು. ಅಷ್ಟು ಜನರೆದುರು ಅವನು ಅದನ್ನೇ ಇಂಗ್ಲಿಷಿನಲ್ಲಿ, ಒಂದಕ್ಷರವೂ ಬಿಡದೆ ಹೇಳಿದ. ಹೇಳುವಾಗ ಕೆರೆಯ ಕಡೆ ನೋಡಲಿಲ್ಲ.

ಅವಳು ಮೊರವನ್ನು ಚಿಕ್ಕಬೋರಮ್ಮನ ಮುಂದೆ ಹಿಡಿದಳು. ಮುದುಕಿ ಮರಿಸ್ವಾಮಿಯನ್ನು ನೋಡುತ್ತಲೇ ಹಿಡಿ ತುಂಬಾ ಬೀಜ ಬಾಚಿಕೊಂಡು ಹೊಂಗೆಯ ಮೇಲೆ ಸುರಿದಳು. ಹಿಂದೆಯೇ ಹೆಂಗಸರು ಒಬ್ಬೊಬ್ಬರಾಗಿ ಎದ್ದರು.

ಆಗ ಪಬಿತ್ರಾ ದಿಲೀಪನ ಮಣಿಕಟ್ಟು ಹಿಡಿದು, ಗಂಡಸರ ಸಾಲು ದಾಟಿಸಿ, ಹೆಂಗಸರ ಕಡೆ ತನ್ನ ಪಕ್ಕಕ್ಕೆ ಎಳೆದುಕೊಂಡಳು.

“ಬಸ್ಸಿಗೆ ಹೋಗಲ್ಲ,” ಎಂದಳು, ಒಡಕು ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ. “ಕೂತ್ಕೊ.”

ಅವನು ಕೂತ. ಅವಳು ಕೈ ಬಿಡಲಿಲ್ಲ.