ಅಮೀರ್‌ನ ಪಾಲಿನ ಖರ್ಜೂರ

ಬಾಗಿಲು ತೆರೆದ ನಹ್ಲಾಳ ಕೈ ಹಿಡಿಯ ಮೇಲೆಯೇ ನಿಂತುಬಿಟ್ಟಿತು.

ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಯಾರೋ ಕುಳಿತಿದ್ದರು!

ಹೊರಗೆ ಧೂಳಿನ ಗಾಳಿ ಎದ್ದು ಮಧ್ಯಾಹ್ನದ ದೋಹಾ ಪೂರ್ತಿ ಹಳದಿಯಾಗಿತ್ತು. ಆ ಮಂಕು ಬೆಳಕಿನಲ್ಲಿ ಕಂಡದ್ದು ಬೆನ್ನು ಮಾತ್ರ. ಅಗಲ ಭುಜ. ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ಪುದೀನಾ ಗಿಡದ ಕುಂಡಕ್ಕೆ ನೀರು ಬೀಳುವ ಸಣ್ಣ ಸದ್ದು...

ಇಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೇ?

"ಅಮೀರ್..."

ಕುಳಿತಿದ್ದವನು ಗಕ್ಕನೆ ತಿರುಗಿದ. ಗಡ್ಡದಲ್ಲಿ ಅಲ್ಲೊಂದು ಇಲ್ಲೊಂದು ನೆರೆ, ದಪ್ಪ ಕನ್ನಡಕ, ಒಂದು ಕಡೆ ಉಬ್ಬಿದ ಕೆನ್ನೆ. ಬಾಯಲ್ಲಿ ಏನೋ ಇತ್ತು.

ಅಮೀರ್ ಅಲ್ಲ. ಅಮೀರ್ ಹೇಗೆ ಆಗಲು ಸಾಧ್ಯ?

"ಅಯ್ಯೋ, ಬನ್ನಿ ಮ್ಯಾಡಮ್!" ಅವನು ಗಡಿಬಿಡಿಯಿಂದ ಎದ್ದ. "ನೀವು ಬೆಳಗ್ಗಿನ ಟೀಚರಾ? ನಾನು ನಿಝಾಮ್. ಈ ವರ್ಷ ಹೊಸದಾಗಿ ಶುರುವಾದ ಕನ್ನಡ ಕ್ಲಾಸಿನವ. ನಿಮಗೊಂದು ಶುಕ್ರನ್ ಹೇಳ್ಬೇಕಂತ ಎಷ್ಟು ದಿನದಿಂದ ಉಂಟು..."

"ಎಂತಕ್ಕೆ ಥ್ಯಾಂಕ್ಸ್?"

"ಇದಕ್ಕೆ." ಅವನು ನಕ್ಕು ಕಿಟಕಿಯ ಕಟ್ಟೆಯ ಮೇಲಿದ್ದ ಪುಟ್ಟ ತಟ್ಟೆಯನ್ನು ತೋರಿಸಿದ. "ದಿನಾ ಖರ್ಜೂರ ಇಟ್ಟು ಹೋಗ್ತೀರಲ್ಲ! ಊಟ ಬಿಟ್ಟು ಓಡಿ ಬರುವವನಿಗೆ ಅದು ಎಷ್ಟು ದೊಡ್ಡದು ಗೊತ್ತುಂಟಾ?"

ನಹ್ಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಪಾಪ, ಆ ಮನುಷ್ಯನಿಗೇನು ಗೊತ್ತು! ಅವನು ಇಷ್ಟು ದಿನ ಚಪ್ಪರಿಸಿ ತಿಂದದ್ದು ಒಬ್ಬ ಸತ್ತವನ ಪಾಲನ್ನು!

ಅಲ್ ಹಿಲಾಲ್‌ನ ಆ ಹೈಸ್ಕೂಲು ಅಂದರೆ ಶಾಲೆಯಲ್ಲ, ಒಂದು ಊರು. ಸಾವಿರಾರು ಮಕ್ಕಳು. ಅಷ್ಟು ದೊಡ್ಡ ಜಾತ್ರೆಯಲ್ಲಿ ಯಾವ ಮಗುವೂ ಕಳೆದುಹೋಗಬಾರದೆಂದು ಶಾಲೆಯನ್ನು ನಾಲ್ಕು ಕಮ್ಯೂನಿಟಿಗಳಾಗಿ ಒಡೆದಿದ್ದರು. ಸಿದ್ರಾ ಕಮ್ಯೂನಿಟಿಗೆ ಹಸಿರು ಗೋಡೆ, ಲೂಲುವಿಗೆ ಬಿಳಿ, ಹೀಗೆ ಒಂದೊಂದಕ್ಕೂ ಅದರದ್ದೇ ಕಾರಿಡಾರು, ಅದರದ್ದೇ ಟೀಚರುಗಳು, ಅದರದ್ದೇ ಮುಖ್ಯಸ್ಥೆ; ಸಿದ್ರಾದ್ದು ಎಡ್ನಾ ಮಿಸ್. ಮಕ್ಕಳನ್ನು ಹೆಸರು ಹಿಡಿದು ಕರೆಯುವಷ್ಟು ಸಲಿಗೆಯೇನೋ ಬಂತು. ಆದರೆ ಹಸಿರು ಗೋಡೆಯವರಿಗೆ ಬಿಳಿ ಗೋಡೆಯ ಸುದ್ದಿಯೇ ತಿಳಿಯುತ್ತಿರಲಿಲ್ಲ.

ಸಿದ್ರಾದ ಕೊನೆಯ ಕೋಣೆ ಅಮೀರ್‌ನದಾಗಿತ್ತು. ಅವನು ಫಿಸಿಕ್ಸ್, ಅವಳು ಬಯಾಲಜಿ. ಮನೆಯಲ್ಲಿ ಇಬ್ಬರದೂ ಬ್ಯಾರಿ ಮಾತು. ಆದರೆ ಅದು ಮಲಯಾಳಿಗಳಿಗೂ ಅರ್ಧ ತಿಳಿಯುತ್ತದೆ. ಶಾಲೆಯಲ್ಲಿ, ಮಲಯಾಳಿ, ಹಿಂದಿ ಟೀಚರುಗಳ ನಡುವೆ ಗುಟ್ಟು ಆಡಲು ಗಂಡ ಹೆಂಡತಿಗೆ ಕನ್ನಡವೇ ಕೋಟೆ! "ನಿನ್ನ ಸೀರೆ ಚಂದ ಉಂಟು" ಎಂದು ಪ್ರಿನ್ಸಿಪಾಲರ ಎದುರೇ ಹೇಳಿ ಅವಳ ಮುಖ ಕೆಂಪು ಮಾಡುತ್ತಿದ್ದ ಕಿಲಾಡಿ ಅವನು.

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಶುಕ್ರವಾರ ದುಖಾನ್ ಕಡೆ ಹೋದ ಕಾರು ಮಗುಚಿತು. ಖಲಾಸ್. ಗಂಡಸರು ಹೋಗಿ ಮಣ್ಣು ಕೊಟ್ಟು ಬಂದರು. ಅವಳು ಮನೆಯಲ್ಲಿ ಕುಳಿತಿದ್ದಳು. ಅವನನ್ನು ಮಣ್ಣಿನೊಳಗೆ ಇಡುವುದನ್ನು ಅವಳ ಕಣ್ಣು ನೋಡಲೇ ಇಲ್ಲ. ನೋಡದ್ದನ್ನು ಮನಸ್ಸು ನಂಬುವುದಾದರೂ ಹೇಗೆ?

ವಿಧವೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಅವಳು ಕೇಳಿಕೊಂಡದ್ದು ಒಂದೇ. ಆ ಕೋಣೆ ನನಗೆ ಬೇಕು.

ಅವನು ನೆಟ್ಟ ಪುದೀನಾ ಅಲ್ಲೇ ಇತ್ತು. ಬಿಡುವಿನಲ್ಲಿ ಅವನು ಕೂರುತ್ತಿದ್ದ ಕುರ್ಚಿಯೂ ಇತ್ತು. ಮಧ್ಯಾಹ್ನದ ಬಿಸಿಲಿಗೆ ಮುಖ ಕೊಟ್ಟರೆ ಅವನಿಗೆ ತಲೆನೋವು ಬರುತ್ತಿತ್ತು. ಅದಕ್ಕೇ ಅವಳು ಮನೆಗೆ ಹೊರಡುವಾಗ ಕುರ್ಚಿಯನ್ನು ಬೋರ್ಡಿನ ಕಡೆಗೆ ತಿರುಗಿಸಿಡುತ್ತಿದ್ದಳು. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಖರ್ಜೂರ. ಹುಚ್ಚು ಅನ್ನಿ. ಹೌದು, ಹುಚ್ಚೇ. ಮೊದಮೊದಲು ಮರುದಿನ ಆ ಖರ್ಜೂರವನ್ನು ಅವಳೇ ತಿಂದು ತಟ್ಟೆ ತೊಳೆಯುತ್ತಿದ್ದಳು.

ಈ ವರ್ಷ ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ... ತಟ್ಟೆ ಖಾಲಿ!

ಬೀಜಗಳು ಪುದೀನಾ ಕುಂಡದ ಮಣ್ಣಿನಲ್ಲಿ ಅರ್ಧ ಹೂತಿದ್ದವು. ಮಣ್ಣು ಒದ್ದೆಯಾಗಿತ್ತು. ಕುರ್ಚಿ ಕಿಟಕಿಯ ಕಡೆ ತಿರುಗಿತ್ತು. ಬೋರ್ಡಿನ ಮೇಲೆ, ಅವಳು ಪಾಠಕ್ಕೆ ಬಿಡಿಸಿದ್ದ ಹೃದಯದ ಚಿತ್ರದ ಪಕ್ಕ, ಅರ್ಧ ಒರೆಸಿದ ಕನ್ನಡದ ಅಕ್ಷರಗಳು ಕಂಡವು: 'ಮನೆ'.

ಇಡೀ ಕಟ್ಟಡದಲ್ಲಿ ಕನ್ನಡ ಬರೆಯುವವರು ಅವಳನ್ನೂ ಅಮೀರ್‌ನನ್ನೂ ಬಿಟ್ಟರೆ ಇನ್ಯಾರು?

ಅವಳಿಗೆ ಭಯವಾಗಲಿಲ್ಲ. ಕುಸಿದು ಕುಳಿತು, ಬಾಯಿಗೆ ಸೆರಗು ಒತ್ತಿ, ಸಂತೋಷದಿಂದ ಅತ್ತಳು. ಅವನು ಬರುತ್ತಾನೆ! ನಾನು ಹೋದ ಮೇಲೆ, ಬೀಗ ಹಾಕಿದ ಕೋಣೆಗೆ ಅವನು ಬರುತ್ತಾನೆ!

ಆಮೇಲೆ ಅವಳು ಬದುಕಿದ್ದೇ ಬೆಳಿಗ್ಗೆ ಆ ಬಾಗಿಲು ತೆರೆಯುವ ಗಳಿಗೆಗಾಗಿ. ಬಿನ್ ಒಮ್ರಾನ್‌ನ ಫ್ಲಾಟಿನಲ್ಲಿ ಅತ್ತೆ ಹಬೀಬಾ ದಿನವೂ ಅದೇ ಮಾತು ಎತ್ತುತ್ತಿದ್ದರು. "ರಜೆಗೆ ನಾನು ಮೂಲ್ಕಿಗೆ ಮಗಳ ಮನೆಗೆ ಹೋಗುವವಳು, ವಾಪಸ್ ಬರುವುದಿಲ್ಲ. ಅದರ ಮೊದಲು ನಿನಗೊಂದು ನಿಖಾಹ್ ಆಗ್ಬೇಕು ಮಗಳೇ. ಒಬ್ಬಳೇ ಯಾರಿಗೋಸ್ಕರ ಕಾಯ್ತಿ?"

ನಹ್ಲಾ ನಗುತ್ತಿದ್ದಳು. ಯಾರಿಗೆಂದು ಹೇಳುವುದು?

ಇವತ್ತು ಧೂಳಿನಿಂದ ಬಸ್ಸು ತಡವಾಯಿತು. ತನ್ನ ಕನ್ನಡಕ ಕೋಣೆಯಲ್ಲೇ ಮರೆತದ್ದು ನೆನಪಾಗಿ ಹಿಂದಿರುಗಿ ಬಂದಿದ್ದಳು. ಎದುರಿಗಿದ್ದ ಈ ಅಪರಿಚಿತನ ಕೈಯಲ್ಲಿ ಖರ್ಜೂರದ ಬೀಜವಿತ್ತು.

"ಈ ಕೋಣೆ ಮಧ್ಯಾಹ್ನ ಬೀಗ ಹಾಕಿರ್ತದೆ," ಅವಳ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ. "ನಿಮಗೆ ಯಾರು ಕೊಟ್ಟದ್ದು?"

"ನಿಮ್ಮ ಎಡ್ನಾ ಮಿಸ್. ನಮ್ಮದು ಎಲ್ಲಾ ಕಮ್ಯೂನಿಟಿಯ ಮಕ್ಕಳೂ ಸೇರುವ ಕ್ಲಾಸು ಅಲ್ವಾ? ಅದಕ್ಕೆ ಯಾರಿಗೂ ಬೇಡದ ಕ್ಲಾಸು ಅದು." ಅವನು ನಕ್ಕ. "ಮಧ್ಯಾಹ್ನದ ಶಿಫ್ಟಿಗೆ ಇಲ್ಲಿ ಜಾಗ ಖಾಲಿ ಉಂಟು ಅಂತ ಕೀ ಕೊಟ್ರು. ನಿಮಗೆ ಹೇಳ್ಲಿಲ್ವಾ?"

"ನೀರು ಹಾಕಿದ್ದೂ... ನೀವೇ?"

"ಖರ್ಜೂರ ತಿಂದ ಋಣ ಮ್ಯಾಡಮ್!"

"ಅದು ನಿಮಗೆ ಇಟ್ಟದ್ದಲ್ಲ!"

ನಿಝಾಮ್‌ನ ನಗು ನಿಂತಿತು.

"ಅದು ನನ್ನ ಗಂಡನಿಗೆ ಇಟ್ಟದ್ದು! ತೀರಿಹೋದ ನನ್ನ ಗಂಡನಿಗೆ! ಅವರೇ ಬರ್ತಾರೆ ಅಂತ ನಾನು... ಯಾ ಅಲ್ಲಾಹ್... ನಾನು ದಿನಾ ಸಲಾಂ ಹೇಳ್ತಿದ್ದೆ... ನೀವು ಯಾಕೆ ಬಂದ್ರಿ? ಯಾಕೆ ತಿಂದ್ರಿ?"

ಕೈಯಲ್ಲಿದ್ದ ಬೀಜವನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ನಿಂತಿದ್ದ. ಕ್ಷಮಿಸಿ ಎನ್ನಲು ಬಾಯಿ ತೆರೆದ. ಆದರೆ ಯಾವುದಕ್ಕೆಂದು ಕ್ಷಮೆ ಕೇಳುವುದು? ಅವನು ಕದ್ದದ್ದು ಎರಡು ಖರ್ಜೂರವನ್ನಲ್ಲ. ಅವಳಿಂದ ಅಮೀರ್‌ನನ್ನು ಎರಡನೇ ಸಲ ಕಿತ್ತುಕೊಂಡಿದ್ದ.

ಮರುದಿನ ತಟ್ಟೆಯಲ್ಲಿ ಖರ್ಜೂರ ಹಾಗೇ ಇತ್ತು.

ಅದರ ಮರುದಿನ ಇರುವೆಗಳು ಬಂದವು.

ಎಡ್ನಾ ಮಿಸ್ ಬಂದು ಕೈ ಹಿಡಿದರು. "ತಪ್ಪು ನನ್ನದು ನಹ್ಲಾ. ಹೇಳ್ಬೇಕಿತ್ತು, ಮರ್ತೇ ಹೋಯ್ತು ಮಾರಾಯ್ತಿ. ಅವ ಅವತ್ತೇ ಕೀ ವಾಪಸ್ ಕೊಟ್ಟ. ಆ ಟೀಚರಿಗೆ ಬೇಜಾರಾಯ್ತು ಅಂದ, ಅಷ್ಟೇ."

'ಒಳ್ಳೆಯದೇ ಆಯಿತು,' ಎಂದುಕೊಂಡಳು ನಹ್ಲಾ. ಆದರೆ ಕುರ್ಚಿಯನ್ನು ತಿರುಗಿಸಲು ಅವಳಿಗೆ ಮನಸ್ಸು ಬರಲಿಲ್ಲ. ಇನ್ನು ಯಾರಿಗೆ ತಲೆನೋವು ಬರಲಿಕ್ಕುಂಟು? ಅದನ್ನು ಇದ್ದ ಹಾಗೆಯೇ ಬಿಟ್ಟಳು. ಪುದೀನಾ ಬಾಡತೊಡಗಿತು. ಬೋರ್ಡಿನಲ್ಲಿ ಅವಳ ಚಿತ್ರದ ಪಕ್ಕದ ಜಾಗ ಬೆಳಿಗ್ಗೆ ಬೆಳಿಗ್ಗೆ ಕಪ್ಪಗೆ, ಖಾಲಿಯಾಗಿ ಇರುತ್ತಿತ್ತು. ಬಾಗಿಲು ತೆರೆದರೆ ಒಳಗೆ ಯಾರೂ ಇಲ್ಲ, ಯಾರೂ ಬಂದಿರಲಿಲ್ಲ, ಯಾರೂ ಬರುವುದಿಲ್ಲ...

ಅಮೀರ್ ಸತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಾದದ್ದು ಆ ವಾರ.

ಒಂದು ಸಂಜೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಎಲ್ಲವನ್ನೂ ಹೇಳಿದಳು. ತಟ್ಟೆ, ಬೀಜ, ಕುರ್ಚಿ, ಆ ಮನುಷ್ಯ. ಬೈಗುಳ ಬೀಳಬಹುದು ಅಂದುಕೊಂಡಿದ್ದಳು. ಹಬೀಬಾ ಅವಳ ಕೂದಲಿನಲ್ಲಿ ಬೆರಳಾಡಿಸಿದರು. ಮಗನನ್ನು ಕಳೆದುಕೊಂಡವರು ಅವರೂ ತಾನೆ!

"ನನಗೂ ಕಾಲಿಂಗ್ ಬೆಲ್ ಆದಾಗೆಲ್ಲ ಅವನೇ ಅಂತ ಆಗ್ತದೆ ಮಗಳೇ," ಅಂದರು. "ಆದ್ರೆ ಸತ್ತವರಿಗೆ ನಮ್ಮ ದುಆ ಸಾಕು. ಹಸಿವಾಗುವುದು ಬದುಕಿದವರಿಗೆ. ಹಸಿದವನೊಬ್ಬ ತಿಂದ. ನಮ್ಮ ಅಮೀರ್ ಇದ್ದಿದ್ರೆ ಎಂತ ಮಾಡ್ತಿದ್ದ ಹೇಳು?"

ನಹ್ಲಾ ಕಣ್ಣೊರೆಸಿಕೊಂಡಳು. "ಇನ್ನೂ ನಾಲ್ಕು ಕೈಗೆ ತುರುಕಿ ಕಳಿಸ್ತಿದ್ರು."

"ಹಾಗಾದ್ರೆ ನೀನು ಆ ಪಾಪದವನ ಮೇಲೆ ಕಿರುಚಿದ್ದೆಂತಕ್ಕೆ?"

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಬೆಳಿಗ್ಗೆ ಬಾಡಿದ ಪುದೀನಾವನ್ನು ಕಿತ್ತುಬಿಡಲೆಂದು ಬಗ್ಗಿದಳು. ಒಣಗಿದ ಕಡ್ಡಿಗಳ ನಡುವೆ, ಮಣ್ಣನ್ನು ಸೀಳಿಕೊಂಡು, ಒಂದೇ ಒಂದು ಹಸಿರು ಮೊಳಕೆ ನೆಟ್ಟಗೆ ನಿಂತಿತ್ತು.

ಖರ್ಜೂರದ ಮೊಳಕೆ!

ಅವಳು ಕೈ ಹಿಂದೆಗೆದುಕೊಂಡಳು. ತನ್ನ ನೀರಿನ ಬಾಟಲಿ ತೆರೆದು ಕುಂಡಕ್ಕೆ ಸುರಿದಳು. ಅಂದು ಮಧ್ಯಾಹ್ನ ಮನೆಗೆ ಹೋಗುವ ಬಸ್ಸು ಅವಳನ್ನು ಬಿಟ್ಟೇ ಹೊರಟಿತು.

ಅವನನ್ನು ಹುಡುಕುವುದು ಸುಲಭವಾಗಲಿಲ್ಲ. ಬಿಳಿ ಗೋಡೆಯವರು ನೀಲಿಯ ಕಡೆ ಕೈ ತೋರಿಸಿದರು, ನೀಲಿಯವರಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಮೆಟ್ಟಿಲ ಕೆಳಗೆ, ಯಾವ ಬಣ್ಣವೂ ಇಲ್ಲದ ಬರಿಯ ಸಿಮೆಂಟ್ ಗೋಡೆಯ ಪಕ್ಕ. ಒಂದಷ್ಟು ಮಕ್ಕಳು ನೆಲದ ಮೇಲೆ ಕುಳಿತಿದ್ದರು.

"ಸರ್, ನಮ್ಮ ಕ್ಲಾಸ್‌ರೂಮ್‌ಗೆ ಯಾವಾಗ ಹೋಗುದು? ಇಲ್ಲಿ ಬೋರ್ಡೇ ಇಲ್ಲ," ಎಂದಳು ಒಬ್ಬ ಹುಡುಗಿ.

"ಅದು ಬೇರೆಯವರ ಮನೆ ಮಗಾ," ಎಂದ ನಿಝಾಮ್ ಮೆಲ್ಲಗೆ. "ನಾವು ಕೇಳದೆ ಹೋಗಿದ್ದೆವು."

ತಲೆಯೆತ್ತಿದವನು ಅವಳನ್ನು ಕಂಡು ಬಿಳುಚಿಕೊಂಡ. "ಯಲ್ಲಾ, ಏಳಿ ಏಳಿ, ಎಲ್ಲರೂ ನೀರು ಕುಡಿದು ಬನ್ನಿ," ಎಂದು ಮಕ್ಕಳನ್ನು ಕಳಿಸಿ ಎದ್ದು ನಿಂತ.

"ಮ್ಯಾಡಮ್, ನನಗೆ ಗೊತ್ತಿದ್ದಿದ್ರೆ ಮುಟ್ತಿರ್ಲಿಲ್ಲ. ಸತ್ಯವಾಗಿಯೂ. ಈ ಊರಲ್ಲಿ ಖರ್ಜೂರ ಇಟ್ಟರೆ ಬಂದವರಿಗೆ ಅಂತ ಲೆಕ್ಕ. ನನಗೂ ಹಾಗೇ..."

"ಗೊತ್ತುಂಟು. ಬೈಯಲಿಕ್ಕೆ ಬಂದದ್ದಲ್ಲ." ಅವಳು ಉಸಿರೆಳೆದುಕೊಂಡಳು. "ಬೀಜ ಮೊಳಕೆ ಬಂತು. ಅದನ್ನು ಹೇಳ್ಲಿಕ್ಕೆ ಬಂದೆ."

ಅವನ ಕಣ್ಣು ಅಗಲವಾಯಿತು. "ಹೌದಾ! ಯಾವುದು? ನಾನು ಎಷ್ಟೋ ಒತ್ತಿದ್ದೆ, ಒಂದೂ ಬರ್ಲಿಲ್ಲ ಅಂತ..." ಅಲ್ಲಿಗೇ ನಿಲ್ಲಿಸಿದ. ಕೈಯಲ್ಲಿನ ಪುಸ್ತಕವನ್ನು ಮುಚ್ಚಿದ. "ಒಂದು ಮಾತು ಹೇಳ್ಲಾ? ಸಿಟ್ಟಾಗ್ಬಾರದು."

"ಹೇಳಿ."

"ನನಗೂ ಆ ಕೋಣೆಯಲ್ಲಿ ಒಬ್ಬರು ಇದ್ರು. ನೋಡಿದವನಲ್ಲ. ಬೋರ್ಡಿನ ಮೇಲೆ ಅವರು ಬಿಡಿಸಿದ ಹೃದಯ ಇರ್ತಿತ್ತು. ನಾಲ್ಕು ಕೋಣೆ, ಒಂದೊಂದಕ್ಕೂ ಬೇರೆ ಬಣ್ಣ. ಅದನ್ನು ಒರೆಸಲಿಕ್ಕೆ ಮನಸ್ಸಾಗದೆ ಪಕ್ಕದಲ್ಲಿ ಉಳಿದ ಜಾಗದಲ್ಲಿ 'ಮನೆ', 'ಮರ' ಅಂತ ಬರೆಸ್ತಿದ್ದೆ. ಅಷ್ಟು ಚಂದ ಹೃದಯ ಬಿಡಿಸುವವರು ಹೇಗಿರ್ಬಹುದು ಅಂತ ದಿನಾ ಯೋಚಿಸ್ತಿದ್ದೆ. ಆಮೇಲೆ ನೀವು ಬಾಗಿಲಲ್ಲಿ ನಿಂತು ಕರೆದ್ರಿ. ಬೇರೆಯವರ ಹೆಸರು. ನನ್ನನ್ನು ಯಾರೂ, ಯಾವತ್ತೂ, ಹಾಗೆ ಕರೆದದ್ದಿಲ್ಲ."

ನಹ್ಲಾಳ ಕಣ್ಣು ತುಂಬಿತು. ಆದರೆ ಈ ಸಲ ಆ ನೀರು ಬರಿಯ ಅಮೀರ್‌ಗಾಗಿ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಾದದ್ದಕ್ಕೇ ಎದೆ ಡವಗುಟ್ಟಿತು. ಇದು ತಪ್ಪಲ್ಲವೇ? ಅಮೀರ್, ನಿನಗೆ ಬೇಜಾರಾ?

ಮೇಲೆ ಎಲ್ಲೋ ಮಕ್ಕಳು ಓಡುವ ಸದ್ದು ಮಾತ್ರ ಕೇಳಿತು.

"ಮಕ್ಕಳನ್ನು ಕರ್ಕೊಂಡು ಕೋಣೆಗೆ ಬನ್ನಿ," ಎಂದಳು ಕೊನೆಗೆ. "ಎಡ್ನಾ ಮಿಸ್ ಹತ್ರ ನಾನು ಹೇಳ್ತೇನೆ. ಆ ಮೊಳಕೆಗೆ ಮಧ್ಯಾಹ್ನದ ನೀರು ಹಾಕುವವರು ಬೇಕು."

ಅಂದಿನಿಂದ ತಟ್ಟೆಯಲ್ಲಿ ಮತ್ತೆ ಖರ್ಜೂರ ಬಂತು. ಈ ಸಲ ಅದು ಯಾರಿಗೆಂದು ಇಟ್ಟವಳಿಗೂ ತಿಂದವನಿಗೂ ಗೊತ್ತಿತ್ತು. ಬೋರ್ಡಿನ ಹೃದಯದ ಪಕ್ಕ ಒಂದು ದಿನ 'ಶುಕ್ರನ್' ಎಂದಿತ್ತು. ಇನ್ನೊಂದು ದಿನ 'ಗಂಜಿ ಊಟ ಸಿಗುವ ಹೋಟೆಲು ಗೊತ್ತುಂಟಾ?' ಎಂದಿತ್ತು. ಅದನ್ನು ಓದಿ ಅವಳು ಒಬ್ಬಳೇ ನಕ್ಕಳು. ಆ ನಗು ಅವಳಿಗೇ ಹೊಸದಾಗಿ ಕೇಳಿಸಿತು. ಹಬೀಬಾ ಬಿಟ್ಟಾರೆಯೇ? ಗಂಜಿಗೆ ಅವನನ್ನು ಮನೆಗೇ ಕರೆಸಿ, ಮೀನು ಪುಳಿಮುಂಚಿ ಬಡಿಸಿ, ಬಂಟ್ವಾಳದ ಅವನ ಉಮ್ಮನ ಫೋನ್ ನಂಬರು ಪಡೆದೇ ಬಿಟ್ಟರು!

ರಜೆಗೆ ಮುಂಚಿನ ಕೊನೆಯ ಮಧ್ಯಾಹ್ನ. ಮಕ್ಕಳೆಲ್ಲ ಹೋಗಿದ್ದರು. ಕುಂಡವನ್ನು ಮನೆಗೆ ಒಯ್ಯಲೆಂದು ಇಬ್ಬರೂ ಆ ಕೋಣೆಯಲ್ಲಿದ್ದರು. ಮೊಳಕೆಗೆ ಈಗ ಎರಡನೇ ಗರಿ ಬಂದಿತ್ತು.

"ನಿಮ್ಮ ಹಬೀಬಾ ಮಾಮಿ ನಿಖಾಹ್ ಬಗ್ಗೆ ಕೇಳಿದ್ರು," ಎಂದ ನಿಝಾಮ್ ಕಿಟಕಿಯಾಚೆ ನೋಡುತ್ತ. "ನಾನು ಹೂಂ ಅಂದೆ. ಆದ್ರೆ ನನಗೆ ನಿಮ್ಮ ಬಾಯಿಂದಲೇ ಕೇಳ್ಬೇಕು. ಅವರ ಜಾಗ ನನಗೆ ಬೇಡ ನಹ್ಲಾ. ಅದು ಅವರಿಗೇ ಇರಲಿ. ಪಕ್ಕದಲ್ಲಿ ಉಳಿದ ಜಾಗ ಸಾಕು. ನನಗೆ ಅಷ್ಟರಲ್ಲೇ ಬರೆದು ಅಭ್ಯಾಸ."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. "ನನಗೂ ಹೂಂ," ಎಂದಳು, ಕೇಳಿಸಿಯೂ ಕೇಳಿಸದ ಹಾಗೆ. ಆಮೇಲೆ ಮುಖದ ಬಿಸಿ ಮುಚ್ಚಿಕೊಳ್ಳಲು ಏನಾದರೂ ಹೇಳಬೇಕಲ್ಲ! "ಒಂದು ಕೇಳ್ಬೇಕಂತ ಇತ್ತು. ಖರ್ಜೂರ ತಿಂದದ್ದು ಸರಿ, ನೀರು ಹಾಕಿದ್ದೂ ಸರಿ. ಕುರ್ಚಿಯನ್ನು ಯಾಕೆ ದಿನಾ ತಿರುಗಿಸ್ತಿದ್ರಿ? ನಾನು ಬೋರ್ಡಿನ ಕಡೆ ಇಟ್ಟು ಹೋಗ್ತಿದ್ದೆ."

"ಯಾವ ಕುರ್ಚಿ?"

"ಇದೇ."

ನಿಝಾಮ್ ಕುರ್ಚಿಯನ್ನು ನೋಡಿದ. ಅವಳನ್ನು ನೋಡಿದ.

"ನಾನು ತಿರುಗಿಸ್ಲಿಲ್ಲ ನಹ್ಲಾ. ನಾನು ಬೀಗ ತೆಗೆದು ಒಳಗೆ ಬರುವಾಗಲೇ ಅದು ಕಿಟಕಿ ಕಡೆ ಇರ್ತಿತ್ತು. ಬಂದವನು ಗಾಳಿಗೆ ಕೂತ್ಕೊಳ್ಳಲಿ ಅಂತ ನೀವೇ ಇಟ್ಟದ್ದು ಅಂದ್ಕೊಂಡಿದ್ದೆ..."

ಕಿಟಕಿಯಿಂದ ಒಂದು ಬಿಸಿಗಾಳಿ ಬಂದು ಮೊಳಕೆಯ ಗರಿಯನ್ನು ಅಲುಗಾಡಿಸಿ ಹೋಯಿತು. ನಹ್ಲಾ ನಿಧಾನವಾಗಿ ಕುರ್ಚಿಯ ಬೆನ್ನಿನ ಮೇಲೆ ಅಂಗೈ ಇಟ್ಟಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತುಟಿ ಮಾತ್ರ ನಗುತ್ತಿತ್ತು.

"ಹೆದರಿಕೆ ಆಗ್ತದಾ?" ಎಂದು ಅವನು ಮೆಲ್ಲಗೆ ಕೇಳಿದ.

"ಇಲ್ಲ," ಎಂದಳು ಅವಳು. "ಅವರಿಗೆ ಬಿಸಿಲಿಗೆ ಮುಖ ಕೊಟ್ರೆ ತಲೆನೋವು. ಕೂತ್ಕೊಳ್ಳಿ ನಿಝಾಮ್. ಅದು ನಿಮಗೇ ಇಟ್ಟದ್ದು."